ಬೆಟ್ಟ, ಹೊಳೆ, ಕಡಲತೀರದಲ್ಲಿ ಗಣಿತ: ಲೆಕ್ಕವನ್ನೂ ನಾಯಕತ್ವವನ್ನೂ ಮಕ್ಕಳ ಕೈಗೆ ಒಟ್ಟಿಗೆ ಕೊಡಬಹುದಾ?

ಕಾಪು ಮೇಷ್ಟ್ರು

ಉಡುಪಿ ಜಿಲ್ಲೆಯ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ ಲೆಕ್ಕ ಮಾಡಿಸುವ ಬಗ್ಗೆ ಇಲ್ಲಿರುವವರ ಅನುಭವ ಕೇಳಬೇಕು ಎಂದು ತುಂಬಾ ದಿನದಿಂದ ಅಂದುಕೊಂಡಿದ್ದೆ. ಚಾರಣ, ಕಯಾಕಿಂಗ್, ಹಗ್ಗದ ಆಟ, ದಿಕ್ಸೂಚಿ ಹಿಡಿದು ಜಾಗ ಹುಡುಕುವುದು, ಯಾವುದಾದರೂ ಸರಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬೆಟ್ಟದ ಮೇಲೆ ಪುಸ್ತಕ ತೆರೆಸಿ ಕೂರಿಸಿದರೆ ಅದು ಕ್ಲಾಸ್‌ರೂಮೇ, ಬಿಸಿಲು ಜಾಸ್ತಿ ಅಷ್ಟೇ. ಲೆಕ್ಕದ ಉತ್ತರದಿಂದ ಏನಾದರೂ ತೀರ್ಮಾನ ಆಗಬೇಕು. ನೀರು ಎಷ್ಟು ಹೊರಬೇಕು, ಎಷ್ಟು ಹೊತ್ತಿಗೆ ಹಿಂದೆ ತಿರುಗಬೇಕು, ಈ ದಾರಿಯಾ ಆ ದಾರಿಯಾ. ಆ ತೀರ್ಮಾನವನ್ನು ಮಕ್ಕಳೇ ಮಾಡಬೇಕು. ಮಾಡಿದ ಹುಡುಗನೋ ಹುಡುಗಿಯೋ, ಯಾಕೆ ಎಂದು ಕೇಳಿದವರಿಗೆ ಲೆಕ್ಕ ಬಿಡಿಸಿ ತೋರಿಸಬೇಕು. ಅದು ಬಂದರೆ ನಾಯಕತ್ವಕ್ಕೆ ಬೇರೆ ಕ್ಲಾಸ್ ಬೇಡ ಎಂದು ನನಗೆ ಅನಿಸುತ್ತದೆ.

ಒಂದು ಉದಾಹರಣೆ. ಕಾಪುವಿನ ದೀಪಸ್ತಂಭ ನೀವೆಲ್ಲ ನೋಡಿರುತ್ತೀರಿ. 1901ರಲ್ಲಿ ಕಟ್ಟಿದ್ದು, ಕಡಲ ಪಕ್ಕದ ದೊಡ್ಡ ಬಂಡೆಯ ಮೇಲೆ ನಿಂತಿದೆ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಕೋನಮಾಪಕ, ದಾರ, ತುದಿಗೆ ಕಟ್ಟಲು ಒಂದು ಕಲ್ಲು, ಮೇಲೆ ಅಂಟಿಸಲು ಸ್ಟ್ರಾ ಕೊಟ್ಟೆ. ಉನ್ನತ ಕೋನ, ಅಂದರೆ ತುದಿ ನೋಡಲು ಕಣ್ಣು ಮೇಲೆತ್ತುವ ಕೋನ, 45 ಡಿಗ್ರಿ ಬರುವ ಜಾಗಕ್ಕೆ ಹೋಗಿ ನಿಲ್ಲಬೇಕು. ಹಾಗೆ ನಿಂತರೆ ಟ್ಯಾನ್ ಬೆಲೆ 1, ಅಂದರೆ ಕಣ್ಣಿನ ಮಟ್ಟದಿಂದ ಮೇಲಿನ ಎತ್ತರವೂ ದೂರವೂ ಸಮ. ನಾವು ನಿಂತ ದೂರಕ್ಕೆ ಕಣ್ಣಿನ ಎತ್ತರ ಸೇರಿಸಿದರೆ ಮುಗಿಯಿತು, ತ್ರಿಕೋನಮಿತಿ ಓದದವರೂ ಮಾಡಬಹುದು.

ಒಂದು ಗುಂಪು ಕೆಳಗೆ ಮರಳಿನಲ್ಲಿ ನಿಂತಿತು. ಇನ್ನೊಂದು ಗುಂಪು ಬಂಡೆಯ ಮೇಲೆಯೇ ಜಾಗ ಹುಡುಕಿಕೊಂಡಿತು. ಉತ್ತರಗಳಲ್ಲಿ ಏಳೆಂಟು ಮೀಟರ್ ವ್ಯತ್ಯಾಸ. ಜಗಳ ಶುರುವಾಯಿತು. ನಿಮ್ಮ ದಾರ ಗಾಳಿಗೆ ಅಲ್ಲಾಡಿದೆ ಎಂದು ಇವರು, ನಿಮಗೆ ಹೆಜ್ಜೆ ಎಣಿಸಲು ಬರುವುದಿಲ್ಲ ಎಂದು ಅವರು. ಎಲ್ಲರೂ ನನ್ನ ಮುಖ ನೋಡಿದರು. ನಾನು ಸುಮ್ನೆ ಕೂತೆ. ಕೊನೆಗೆ ಕ್ಲಾಸಿನಲ್ಲಿ ಬಾಯಿ ಬಿಡದ ಒಬ್ಬ ಹುಡುಗಿ ಬಂಡೆಯ ಬುಡಕ್ಕೆ ಹೋಗಿ ಕೈ ಎತ್ತಿ, "ನಾವು ಇಲ್ಲಿಂದ ಅಳೆದದ್ದು, ನೀವು ಅಲ್ಲಿಂದ ಅಳೆದದ್ದು. ನಡುವಿನದು ಕಲ್ಲಿನ ಎತ್ತರ" ಎಂದಳು. ಆಮೇಲೆ ಎರಡೂ ಗುಂಪು ಸೇರಿ ಬಂಡೆಯನ್ನೇ ಅಳೆಯಲು ಹೊರಟಿತು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ.

ಈಗ ನನ್ನ ಪ್ರಶ್ನೆ. ಇದನ್ನು ಆಗೊಮ್ಮೆ ಈಗೊಮ್ಮೆ ಮಾಡುವ ಬದಲು ವರ್ಷವಿಡೀ ಮಾಡುವುದು ಹೇಗೆ? ರಾಷ್ಟ್ರೀಯ ಶಿಕ್ಷಣ ನೀತಿ 2020ರಲ್ಲಿ ಆರರಿಂದ ಎಂಟನೇ ಕ್ಲಾಸಿನವರಿಗೆ ಹತ್ತು ದಿನ ಬ್ಯಾಗ್ ಇಲ್ಲದ ಕಲಿಕೆ ಎಂದು ಹೇಳಿದ್ದಾರೆ. ಅಂಥ ದಿನಗಳನ್ನು ಇದಕ್ಕೆ ಬಳಸಿದವರು ಯಾರಾದರೂ ಇದ್ದೀರಾ? ನಲವತ್ತು ಮಕ್ಕಳಿರುವ ಕ್ಲಾಸಿಗೆ, ಜಾಸ್ತಿ ಖರ್ಚಿಲ್ಲದೆ ಏನು ಮಾಡಬಹುದು?

ಮೂಡುಬಿದಿರೆ ಗೈಡ್ ಕ್ಯಾಪ್ಟನ್

ಮೇಷ್ಟ್ರೇ, ನಲವತ್ತು ಜನರ ಗುಂಪು ಎಂದು ಲೆಕ್ಕ ಹಾಕಬೇಡಿ. ಆರರಿಂದ ಎಂಟು ಜನರ ಪೆಟ್ರೋಲ್, ಅಂದರೆ ಸಣ್ಣ ತಂಡ ಮಾಡಿ. ಸ್ಕೌಟ್ಸ್ ಮತ್ತು ಗೈಡ್ಸ್‌ನ ಬುನಾದಿಯೇ ಅದು. ಸ್ಕೌಟ್ಸ್ ಶುರು ಮಾಡಿದ ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ಮಾಡಿದಾಗಲೇ ಹುಡುಗರನ್ನು ಸಣ್ಣ ಸಣ್ಣ ಪೆಟ್ರೋಲ್ ಮಾಡಿ, ಪ್ರತಿಯೊಂದಕ್ಕೂ ಅವರಲ್ಲೇ ಒಬ್ಬನನ್ನು ಲೀಡರ್ ಮಾಡಿದ್ದರು. ಎಂಟು ಜನರಲ್ಲಿ ಯಾರೂ ಹಿಂದೆ ಅಡಗಿ ಕೂರಲು ಆಗುವುದಿಲ್ಲ.

ಅಳತೆ, ಅಂದಾಜು, ಹೆಜ್ಜೆ ಲೆಕ್ಕ, ಮರದ ಎತ್ತರ, ಹೊಳೆಯ ಅಗಲ, ಇವೆಲ್ಲ ನಮ್ಮಲ್ಲಿ ಮೊದಲಿನಿಂದಲೂ ಉಂಟು. ಆದರೆ ಇದು ಗಣಿತ ಎಂದು ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಗಣಿತದ ಕ್ಲಾಸಿನಲ್ಲಿ ಇದು ನಿಮ್ಮ ಶಿಬಿರದಲ್ಲಿ ಮಾಡಿದ್ದೇ ಅಲ್ವಾ ಎಂದೂ ಯಾರೂ ಕೇಳುವುದಿಲ್ಲ. ಅದು ನನಗೆ ಬೇಸರದ ವಿಷಯ.

ನಾವು ಮಾಡುವ ಒಂದು ಕೆಲಸ ಹೇಳುತ್ತೇನೆ. ಮಂಗಳೂರಿನ ಸುಲ್ತಾನ್ ಬತ್ತೇರಿ ಎದುರು ತಣ್ಣೀರುಬಾವಿ ಕಡೆಯ ದಡದಲ್ಲಿ ನಿಂತು ಗುರುಪುರ ಹೊಳೆಯ ಅಗಲ ಕಂಡುಹಿಡಿಯಬೇಕು. ನೀರಿಗೆ ಇಳಿಯುವ ಹಾಗಿಲ್ಲ. ಆಚೆ ದಡದಲ್ಲಿ ನೇರ ಎದುರಿಗೆ ಒಂದು ಗುರುತು ಹಿಡಿಯಿರಿ, ಮರವೋ ಕಂಬವೋ. ದಡದ ಉದ್ದಕ್ಕೆ 100 ಹೆಜ್ಜೆ ನಡೆದು ಒಂದು ಕೋಲು ನೆಡಿ. ಇನ್ನೂ 10 ಹೆಜ್ಜೆ ಮುಂದೆ ಹೋಗಿ. ಅಲ್ಲಿಂದ ಹೊಳೆಗೆ ಮುಖ ಮಾಡಿಕೊಂಡೇ, ದಡಕ್ಕೆ ಲಂಬವಾಗಿ ನೇರ ಹಿಂದಕ್ಕೆ ನಡೆಯುತ್ತಾ ಹೋಗಿ, ಕೋಲು ಮತ್ತು ಆಚೆ ದಡದ ಗುರುತು ಒಂದೇ ಸಾಲಿಗೆ ಬರುವವರೆಗೆ. ಹಿಂದಕ್ಕೆ ನಡೆದ ಹೆಜ್ಜೆಯ ಹತ್ತು ಪಟ್ಟು ಹೊಳೆಯ ಅಗಲ. ಸಮರೂಪ ತ್ರಿಭುಜ ಬಿಟ್ಟರೆ ಬೇರೇನೂ ಇಲ್ಲ.

ಮಜಾ ಇರುವುದು ಆಮೇಲೆ. ಹಿಂದಕ್ಕೆ ನಡೆಯುವಾಗ ಒಂದು ಹೆಜ್ಜೆ ತಪ್ಪಿದರೆ ಉತ್ತರದಲ್ಲಿ ಹತ್ತು ಹೆಜ್ಜೆ ತಪ್ಪುತ್ತದೆ. ಮೊಬೈಲ್ ಮ್ಯಾಪಿನಲ್ಲಿ ಅಗಲ ನೋಡಿ ಹೋಲಿಸುವಾಗ ಪ್ರತಿ ಪೆಟ್ರೋಲ್ ಕೂಡ ತನ್ನ ತಪ್ಪು ಎಲ್ಲಿ ಹುಟ್ಟಿತು ಎಂದು ಹುಡುಕುತ್ತದೆ. ಲಂಬ ಸರಿಯಾಗಿ ಹಿಡಿಯಲಿಲ್ಲವಾ, ಉದ್ದ ಕಾಲಿನವನು ಒಂದು ಕಡೆ, ಗಿಡ್ಡ ಕಾಲಿನವಳು ಇನ್ನೊಂದು ಕಡೆ ನಡೆದರಾ? ಹಾಗಾಗಿ ಮೊದಲೇ ಶಾಲೆಯ ಮೈದಾನದಲ್ಲಿ 100 ಮೀಟರ್ ಅಳೆದು ಪ್ರತಿಯೊಬ್ಬರೂ ತಮ್ಮ ಹೆಜ್ಜೆಯ ಸರಾಸರಿ ಉದ್ದ ಬರೆದಿಟ್ಟುಕೊಳ್ಳಬೇಕು.

ಬಂಟ್ವಾಳ ಅಮ್ಮ

ನಾನು ಟೀಚರ್ ಅಲ್ಲ. ಮಗಳು ಹತ್ತನೇ ಕ್ಲಾಸ್. ಓದುತ್ತಾ ಖುಷಿಯಾಯಿತು, ಹೆದರಿಕೆಯೂ ಆಯಿತು. ಎರಡೂ ಹೇಳುತ್ತೇನೆ.

ಒಂದನೆಯದು ಪರೀಕ್ಷೆ. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯಲ್ಲಿ ಬಂಡೆಯ ಎತ್ತರ ಕೇಳುವುದಿಲ್ಲ ಅಲ್ವಾ? ಒಂದು ದಿನ ಹೊರಗೆ ಹೋದರೆ ಒಂದು ದಿನದ ಪಾಠ ಹೋಯಿತು ಎಂದು ನಮ್ಮ ಕಡೆ ಹೆತ್ತವರು ಹೇಳುತ್ತಾರೆ. ಎರಡನೆಯದು ನೀರು. ನಮ್ಮ ಸಂಬಂಧಿಕರ ಮಗ ಓದುವ ಶಾಲೆಯವರು ಪ್ರವಾಸಕ್ಕೆ ಹೋಗಿದ್ದಾಗ ಮಕ್ಕಳನ್ನು ಹೊಳೆಗೆ ಇಳಿಸಿದ್ದರು. ಲೈಫ್ ಜಾಕೆಟ್ ಅರ್ಧ ಮಕ್ಕಳಿಗೆ ಮಾತ್ರ. ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಅಂದಿನಿಂದ "ಹೊರಗೆ ಚಟುವಟಿಕೆ" ಎಂಬ ಚೀಟಿ ಬಂದರೆ ಸಹಿ ಹಾಕಲು ಕೈ ನಡುಗುತ್ತದೆ.

ಕಾಪು ಮೇಷ್ಟ್ರು

ಅಕ್ಕ, ನಿಮ್ಮ ಹೆದರಿಕೆ ನ್ಯಾಯವಾದದ್ದು. ಎಲ್ಲರಿಗೂ ಜಾಕೆಟ್ ಇಲ್ಲದಿದ್ದರೆ ಒಬ್ಬರೂ ನೀರಿಗೆ ಇಳಿಯಬಾರದು. ಇದರಲ್ಲಿ ಚೌಕಾಸಿ ಇಲ್ಲ. ನಾನು ಹೊರಡುವ ಮೊದಲು ಮಕ್ಕಳಿಗೂ ಹೆತ್ತವರಿಗೂ ಒಂದು ಮಾತು ಹೇಳುತ್ತೇನೆ: ಲೆಕ್ಕದ ಉತ್ತರ ನಾನು ಹೇಳುವುದಿಲ್ಲ, ಆದರೆ "ನಿಲ್ಲಿ" ಎಂದು ಯಾವಾಗ ಬೇಕಾದರೂ ಹೇಳುತ್ತೇನೆ. ಹೇಳಿದರೆ ಅಲ್ಲಿಗೆ ಮುಗಿಯಿತು, ಯಾಕೆ ಎಂದು ಆಮೇಲೆ ಮಾತಾಡೋಣ.

ಪರೀಕ್ಷೆಯ ವಿಷಯ. ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ತ್ರಿಭುಜಗಳು, ತ್ರಿಕೋನಮಿತಿಯ ಅನ್ವಯ, ರೇಖಾತ್ಮಕ ಸಮೀಕರಣಗಳ ಜೋಡಿ, ಸಂಖ್ಯಾಶಾಸ್ತ್ರ ಉಂಟು. ಉನ್ನತ ಕೋನ, ಅವನತ ಕೋನದ ಲೆಕ್ಕದಲ್ಲಿ ಮಕ್ಕಳು ಸೋಲುವುದು ಹೆಚ್ಚಾಗಿ ಚಿತ್ರ ಬರೆಯುವಾಗ. ಯಾವ ಗೆರೆ ಎಲ್ಲಿಂದ ಶುರು ಎಂದೇ ಗೊತ್ತಾಗುವುದಿಲ್ಲ. ಒಮ್ಮೆ ಕಣ್ಣಿಗೆ ಸ್ಟ್ರಾ ಹಿಡಿದು ತಲೆ ಎತ್ತಿದವರು ಆ ಚಿತ್ರವನ್ನು ತಪ್ಪಾಗಿ ಬರೆಯುವುದು ಕಡಿಮೆ. ನನ್ನ ಕ್ಲಾಸಿನಲ್ಲಿ ನಾನು ಕಂಡದ್ದು ಇಷ್ಟು.

ಸಾಲಿಗ್ರಾಮ ಹುಟ್ಟು

ನಾನು ಸೀತಾ ಹೊಳೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಕಯಾಕಿಂಗ್ ಕರೆದುಕೊಂಡು ಹೋಗುವವನು. ಪಿಯುಸಿಯಲ್ಲಿ ಗಣಿತ ಕಷ್ಟಪಟ್ಟು ಪಾಸಾದವನು. ಆದರೆ ಮೇಷ್ಟ್ರು ಹೇಳಿದ ರೇಖಾತ್ಮಕ ಸಮೀಕರಣ ನಾನು ದಿನಾ ಮಾಡುತ್ತೇನೆ.

ಪುಸ್ತಕದಲ್ಲಿ ದೋಣಿ ಹೊಳೆಯ ಜೊತೆಗೆ ಹೋಗುವ, ಎದುರು ಹೋಗುವ ಲೆಕ್ಕ ಇದೆಯಲ್ಲ, ಅದನ್ನು ನೀರಿನ ಮೇಲೆ ಮಾಡಿಸಿ. ದಡದಲ್ಲಿ ಒಂದು ಕಿಲೋಮೀಟರ್ ಅಂತರದ ಎರಡು ಗುರುತು ಹಿಡಿಯಿರಿ. ನೀರಿನ ಜೊತೆ ಹೋಗುವಾಗ 10 ನಿಮಿಷ ಬಂತು ಅಂದುಕೊಳ್ಳಿ, ಗಂಟೆಗೆ 6 ಕಿಲೋಮೀಟರ್. ಎದುರು ಬರುವಾಗ 15 ನಿಮಿಷ, ಗಂಟೆಗೆ 4 ಕಿಲೋಮೀಟರ್. ಕೂಡಿಸಿ ಅರ್ಧ ಮಾಡಿದರೆ ಹುಡುಗರ ವೇಗ 5, ಕಳೆದು ಅರ್ಧ ಮಾಡಿದರೆ ನೀರಿನ ವೇಗ 1. ಆಮೇಲೆ ಒಂದು ತೆಂಗಿನ ಸಿಪ್ಪೆ ತೇಲಿಬಿಟ್ಟು, ಅದು 50 ಮೀಟರ್ ಹೋಗಲು ಎಷ್ಟು ಹೊತ್ತು ತೆಗೆದುಕೊಂಡಿತು ನೋಡಿ. ಗಂಟೆಗೆ 1 ಕಿಲೋಮೀಟರ್ ಆದರೆ ಮೂರು ನಿಮಿಷ ಬೇಕು. ಹೆಚ್ಚೂಕಡಿಮೆ ಅದೇ ಬಂದರೆ ಮಕ್ಕಳು ಕೂಗುತ್ತಾರೆ ನೋಡಿ ಮಾರಾಯ್ರೆ, ಪಕ್ಕದ ಕೊಕ್ಕರೆಯೆಲ್ಲ ಹಾರಿಹೋಗುತ್ತದೆ.

ಬರದಿದ್ದರೆ ಇನ್ನೂ ಒಳ್ಳೆಯದು. ಹೋಗುವಾಗ ಜೋರಾಗಿ ಹುಟ್ಟು ಹಾಕಿ ಬರುವಾಗ ಸುಸ್ತಾಗಿರುತ್ತಾರೆ. ಪುಸ್ತಕದ ದೋಣಿಗೆ ಸುಸ್ತಾಗುವುದಿಲ್ಲ.

ನಾಯಕನ ಕೆಲಸ ಇಲ್ಲಿ ಉಬ್ಬರ ಇಳಿತದ ಲೆಕ್ಕ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ನಾಳಿನ ಹೊತ್ತು ಇವತ್ತಿಗಿಂತ ಸುಮಾರು 50 ನಿಮಿಷ ತಡ. ಸೋಮವಾರ ಬೆಳಿಗ್ಗೆ 8ಕ್ಕೆ ಉಬ್ಬರ ಇದ್ದರೆ ಶನಿವಾರ ಎಷ್ಟು ಹೊತ್ತಿಗೆ? ಐದು ಸಲ 50, ಅಂದರೆ ಮಧ್ಯಾಹ್ನ 12ರ ಆಸುಪಾಸು. ಅಳಿವೆ ಹತ್ತಿರ ಇಳಿತದ ಹೊತ್ತಿನಲ್ಲಿ ನೀರು ಕಡಲ ಕಡೆ ಎಳೆಯುತ್ತದೆ. ಮಕ್ಕಳನ್ನು ಕರೆದುಕೊಂಡು ಆಗ ಆ ಕಡೆ ಹೋಗುವ ಹಾಗೇ ಇಲ್ಲ. ಹೊರಡುವ ಹೊತ್ತು ಲೀಡರ್ ಲೆಕ್ಕ ಹಾಕಲಿ, ನಾನು ಉಬ್ಬರ ಇಳಿತದ ಪಟ್ಟಿ ನೋಡಿ ಸರಿಯಾ ಎಂದು ಹೇಳುತ್ತೇನೆ. ತಪ್ಪಿದ್ದರೆ ಹೊರಡುವುದಿಲ್ಲ.

ಬಂಟ್ವಾಳದ ಅಕ್ಕನಿಗೆ: ಜಾಕೆಟ್ ಹಾಕಿದರೆ ಸಾಲದು, ಬಕಲ್ ಹಾಕಿ ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಬೇಕು. ಕಿವಿಯವರೆಗೆ ಏರಿದರೆ ಅದು ಸಡಿಲ. ಮಕ್ಕಳು ಒಬ್ಬರದ್ದನ್ನೊಬ್ಬರು ನೋಡುತ್ತಾರೆ, ಆಮೇಲೆ ನಾವು ಎಲ್ಲರದ್ದೂ ನೋಡುತ್ತೇವೆ. ಮಳೆಗಾಲದಲ್ಲಿ ಯಾವ ಶಾಲೆಯ ಮಕ್ಕಳನ್ನೂ ನಾನು ನೀರಿಗೆ ಇಳಿಸುವುದಿಲ್ಲ.

ಕುಂದಾಪುರ ನಿವೃತ್ತ ಹೆಡ್‌ಮಾಸ್ಟರ್

ಎಲ್ಲರದ್ದೂ ಓದಿದೆ. ಉತ್ಸಾಹಕ್ಕೆ ತಣ್ಣೀರು ಎರಚಲು ಬಂದಿಲ್ಲ, ಆದರೆ ಎರಡು ಸಂಗತಿ ಹೇಳಲೇಬೇಕು.

ಹೊರಗೆ ಕಲಿಸುವ ಯೋಚನೆ ಹೊಸದಲ್ಲ. ಶಿಕ್ಷಣತಜ್ಞ ಕರ್ಟ್ ಹಾನ್ ಮತ್ತು ಅವರ ಜೊತೆಯವರು 1941ರಲ್ಲಿ ವೇಲ್ಸ್‌ನ ಅಬರ್ಡೋವಿಯಲ್ಲಿ ಔಟ್‌ವರ್ಡ್ ಬೌಂಡ್ ಎಂಬ ಹೊರಾಂಗಣ ಸಾಹಸದ ಶಾಲೆ ಶುರು ಮಾಡಿದರು. ಯುದ್ಧದ ಕಾಲ. ಹಡಗು ಮುಳುಗಿದಾಗ ಎಳೆಯ ನಾವಿಕರು ಧೈರ್ಯಗೆಡದೆ ಬದುಕಿ ಬರಲಿ ಎಂಬುದು ಅದರ ಉದ್ದೇಶ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಒಂದು ಸರ್ಕಾರಿ ಹೈಸ್ಕೂಲು 1971ರಲ್ಲಿ ಅದನ್ನು ಶಾಲೆಯ ದಿನಚರಿಯ ಒಳಗೇ ತಂದಿತು, ಪ್ರಾಜೆಕ್ಟ್ ಅಡ್ವೆಂಚರ್ ಎಂಬ ಹೆಸರಿನಲ್ಲಿ. ಅಂದರೆ ದಾರಿ ಇದೆ. ಆದರೆ ನಮ್ಮಲ್ಲಿ ಏನಾಗುತ್ತದೆ? ಬಸ್ಸು, ಹಾಡು, ಊಟ, ಫೋಟೋ, ವಾಪಸ್. ವರದಿಯಲ್ಲಿ "ಗಣಿತ ಚಟುವಟಿಕೆ" ಎಂದು ಒಂದು ಸಾಲು. ನಾನು ಸರ್ವೀಸಿನಲ್ಲಿ ಇದನ್ನು ಸಾಕಷ್ಟು ನೋಡಿದ್ದೇನೆ.

ಎರಡನೆಯದು ಇದಕ್ಕಿಂತ ಮುಖ್ಯ. ಗುಂಪು ಮಾಡಿದ ಕೂಡಲೇ ಜೋರು ಬಾಯಿಯವನು ಲೀಡರ್ ಆಗುತ್ತಾನೆ, ಲೆಕ್ಕ ಬರುವ ಒಬ್ಬಳು ಲೆಕ್ಕ ಮಾಡುತ್ತಾಳೆ, ಉಳಿದವರು ನೋಡುತ್ತಾರೆ. ಆಗ ಗಣಿತವೂ ಒಬ್ಬರಿಗೇ, ನಾಯಕತ್ವವೂ ಒಬ್ಬರಿಗೇ. ಮೇಷ್ಟ್ರು ಹೇಳಿದ ಕಾಪುವಿನ ಹುಡುಗಿ ಚೆನ್ನಾಗಿ ಹೇಳಿದಳು, ಸಂತೋಷ. ಆದರೆ ಆ ದಿನ ಏನೂ ಮಾಡದೆ ಮರಳಲ್ಲಿ ಕೂತಿದ್ದವರು ಎಷ್ಟು ಮಂದಿ?

ಕಾಪು ಮೇಷ್ಟ್ರು

ಸರ್, ಈ ಪ್ರಶ್ನೆ ಕೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಇದಕ್ಕೆ ಸ್ವಲ್ಪ ಉದ್ದದ ಉತ್ತರ ಬರೆಯುತ್ತೇನೆ.

ಲೀಡರ್ ಸ್ಥಾನ ನಾವು ಓಟು ಹಾಕಿ ಕೊಡುವುದಿಲ್ಲ, ಸರದಿಯ ಮೇಲೆ ಕೊಡುತ್ತೇವೆ. ಲೀಡರ್ ಆದವರು ಆ ದಿನ ಲೆಕ್ಕ ಮಾಡುವ ಹಾಗಿಲ್ಲ. ಲೆಕ್ಕ ಮಾಡುವವರು ಬೇರೆ, ಅದನ್ನು ಬೇರೆ ದಾರಿಯಲ್ಲಿ ಇನ್ನೊಮ್ಮೆ ಮಾಡಿ ನೋಡುವವರು ಬೇರೆ, ನೀರು ಮತ್ತು ಹೊತ್ತು ಬರೆದಿಡುವವರು ಬೇರೆ. ಲೀಡರ್ ಎಲ್ಲವನ್ನೂ ಕೇಳಿ, ತನಗೆ ಅರ್ಥವಾದ ಮೇಲೆ ಮಾತ್ರ ಗುಂಪಿಗೆ ಹೇಳಬೇಕು. ಅರ್ಥವಾಗದಿದ್ದರೆ "ಇನ್ನೊಮ್ಮೆ ಹೇಳು" ಎನ್ನಬೇಕು. ಲೆಕ್ಕದಲ್ಲಿ ಹಿಂದೆ ಇರುವ ಮಕ್ಕಳು ಲೀಡರ್ ಆದ ದಿನ ಈ ವಿವರಣೆ ತುಂಬಾ ಚೆನ್ನಾಗಿ ನಡೆಯುತ್ತದೆ. ಯಾಕೆಂದರೆ ಅವರು ಸುಮ್ನೆ ತಲೆ ಆಡಿಸುವುದಿಲ್ಲ, ಅರ್ಥವಾಗುವವರೆಗೆ ಬಿಡುವುದಿಲ್ಲ.

ಬೆಳ್ತಂಗಡಿಯ ಗಡಾಯಿಕಲ್ಲಿಗೆ ಹೋದಾಗ ನಡೆದದ್ದು ಹೇಳುತ್ತೇನೆ. ಟಿಪ್ಪು 1794ರಲ್ಲಿ ಕಟ್ಟಿಸಿದ ಜಮಲಾಬಾದ್ ಕೋಟೆ ಇರುವ ಬಂಡೆ. ಸಮುದ್ರಮಟ್ಟದಿಂದ ಸುಮಾರು 1700 ಅಡಿ, ಕಲ್ಲಿನಲ್ಲಿ ಕಡಿದ ಮೆಟ್ಟಿಲು ಸಾವಿರದೆಂಟುನೂರಕ್ಕೂ ಹೆಚ್ಚು. ಅರಣ್ಯ ಇಲಾಖೆಯ ಅನುಮತಿ ಪಡೆದು ಹೋಗಿದ್ದೆವು. ಹಿಂದಿನ ದಿನವೇ ಮಕ್ಕಳು ತೀರ್ಮಾನ ಮಾಡಿದ್ದರು: ಬಂಡೆ ಕಾಯುವ ಮೊದಲು ಇಳಿಯಬೇಕು, ಎಲ್ಲಿದ್ದರೂ 10 ಗಂಟೆಗೆ ಹಿಂದೆ ತಿರುಗುವುದು. ಬಸ್ಸು ತಡವಾಗಿ, ಹತ್ತಲು ಶುರು ಮಾಡುವಾಗ 8 ಗಂಟೆ.

ಮೊದಲ 300 ಮೆಟ್ಟಿಲಿಗೆ 12 ನಿಮಿಷ. ಲೆಕ್ಕದವನು ಕೂಡಲೇ ಹೇಳಿದ, 1800ಕ್ಕೆ ಆರು ಪಟ್ಟು, 72 ನಿಮಿಷ, ಸುಲಭ. ಮುಂದಿನ 300ಕ್ಕೆ 16 ನಿಮಿಷ. ಅದರ ಮುಂದಿನ 300ಕ್ಕೆ 21. ನೋಟ್‌ಬುಕ್ಕಿನಲ್ಲಿ ಒಬ್ಬಳು ನಕ್ಷೆ ಎಳೆಯುತ್ತಿದ್ದಳು, ಅಡ್ಡಕ್ಕೆ ಮೆಟ್ಟಿಲು, ಉದ್ದಕ್ಕೆ ನಿಮಿಷ. ಸ್ಕೇಲಿನಲ್ಲಿ ಎಳೆದ ಗೆರೆಯನ್ನು ಬಿಟ್ಟು ಚುಕ್ಕೆಗಳು ಮೇಲೆ ಮೇಲೆ ಹೋಗುತ್ತಿದ್ದವು. ಬೆವರು ಬಿದ್ದು ಆ ಪುಟದ ಶಾಯಿ ಹರಡಿತ್ತು.

ಆ ದಿನದ ಲೀಡರ್ ಗಣಿತದಲ್ಲಿ ಯಾವಾಗಲೂ ಹಿಂದೆ ಇರುವ ಹುಡುಗಿ. ಅವಳು ನಕ್ಷೆ ನೋಡಿ ಕೇಳಿದಳು, "ಇದು ನೇರ ಹೋಗುವುದಿಲ್ಲ ಅಂತಾದರೆ ಮುಂದಿನ ಮುನ್ನೂರಕ್ಕೆ ಎಷ್ಟು?" 4 ಹೆಚ್ಚಾಯಿತು, 5 ಹೆಚ್ಚಾಯಿತು, ಇನ್ನು 6, 7, 8 ಅಂತ ಹಿಡಿದು ಅವರೇ ಕೂಡಿಸಿದರು. 27, 34, 42. ಉಳಿದದ್ದಕ್ಕೆ 103 ನಿಮಿಷ. ಆಗಲೇ 49 ನಿಮಿಷ ಕಳೆದಿತ್ತು. ಒಟ್ಟು ಎರಡೂವರೆ ಗಂಟೆ. 10 ಗಂಟೆಗೆ ತುದಿ ಸಿಗುವುದಿಲ್ಲ.

ಹುಡುಗರು ಒಪ್ಪಲಿಲ್ಲ. ಅರ್ಧ ಗಂಟೆ ತಾನೇ, ಇಷ್ಟು ದೂರ ಬಂದು ತುದಿ ಮುಟ್ಟದೆ ಹೋಗುವುದಾ ಎಂದರು. ಅವಳು ನೀರು ಬರೆಯುವವನನ್ನು ಕರೆದಳು. ತಂದ ನೀರಿನಲ್ಲಿ ಅರ್ಧದಷ್ಟು ಆಗಲೇ ಖಾಲಿ. "10 ಗಂಟೆ ಅಂತ ನಾವೇ ಬರೆದದ್ದು. ಹತ್ತುವವರು ಹತ್ತಿ, 10ಕ್ಕೆ ಎಲ್ಲಿದ್ದೇವೋ ಅಲ್ಲಿಂದ ಇಳಿಯುವುದು" ಎಂದಳು. ನಕ್ಷೆ ಎಲ್ಲರ ಕೈಗೂ ಕೊಟ್ಟಳು. ಒಬ್ಬೊಬ್ಬರೂ ನೋಡಿದರು. 10 ಗಂಟೆಗೆ ತಿರುಗಿದೆವು, ಮೇಲಿನ ಕೋಟೆ ಗೋಡೆ ಕಾಣುತ್ತಿತ್ತು. ಇಬ್ಬರು ಹುಡುಗರು ಬಸ್ಸಿನವರೆಗೂ ಅವಳ ಜೊತೆ ಮಾತಾಡಲಿಲ್ಲ. ಅವಳಿಗೂ ಬೇಸರವಾಗಿತ್ತು. ಆದರೆ ತೀರ್ಮಾನ ಬದಲಾಯಿಸಲಿಲ್ಲ.

ಸಮಾಂತರ ಶ್ರೇಢಿ, ನಕ್ಷೆ, ಅಂದಾಜು, ಎಲ್ಲವೂ ಆ ಒಂದು ಮೆಟ್ಟಿಲ ಮೇಲೆ ನಡೆಯಿತು ಸರ್. ನನ್ನ ಕೆಲಸ ಗಡಿಯಾರ ನೋಡುವುದು ಮತ್ತು ಬಾಯಿ ಮುಚ್ಚಿಕೊಂಡಿರುವುದು, ಅಷ್ಟೇ.

ಮಣಿಪಾಲ ಚಾರಣಿ

ಮೇಷ್ಟ್ರೇ, ಇದಕ್ಕೆ ಪೂರಕವಾಗಿ ಒಂದು ಸೂತ್ರ ಉಂಟು. ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಹೇಳಿದ್ದು. ಈಗ ಬಳಸುವ ರೂಪದಲ್ಲಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 6 ಕಿಲೋಮೀಟರ್ ನಡೆದು 450 ಮೀಟರ್ ಏರುವುದಾದರೆ 72 ನಿಮಿಷ ಮತ್ತು 45 ನಿಮಿಷ, ಒಟ್ಟು 117. ಆದರೆ ಇದು ಗಟ್ಟಿ ದೇಹದ ದೊಡ್ಡವರ ಲೆಕ್ಕ, ತಣ್ಣನೆಯ ಊರಿನದು, ವಿಶ್ರಾಂತಿ ಸೇರಿಲ್ಲ. ನಮ್ಮ ಕರಾವಳಿಯ ಸೆಖೆಗೆ ಹಾಗೇ ಹಾಕಿದರೆ ಕೆಟ್ಟಿತು.

ಹಾಗಾಗಿ ಮಕ್ಕಳಿಂದ ಎರಡು ಕಾಲಂ ಬರೆಸಿ, ಸೂತ್ರದ ಹೊತ್ತು ಮತ್ತು ನಿಜವಾಗಿ ತೆಗೆದುಕೊಂಡ ಹೊತ್ತು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬರುವುದು ಆ ತಂಡದ ಸಂಖ್ಯೆ. ಒಂದು ತಂಡಕ್ಕೆ 1.5, ಇನ್ನೊಂದಕ್ಕೆ 1.9. ಮುಂದಿನ ಚಾರಣಕ್ಕೆ ಅದನ್ನೇ ಬಳಸುತ್ತಾರೆ. ನಿಧಾನ ನಡೆಯುವವರನ್ನು ಬೈಯುವುದು ಇದರಿಂದ ಕಡಿಮೆಯಾಗುತ್ತದೆ, ಅವರ ಹೊತ್ತು ಆ ಸಂಖ್ಯೆಯೊಳಗೆ ಸೇರಿರುತ್ತದಲ್ಲ.

ಹೆಡ್‌ಮಾಸ್ಟರ್ ಸರ್ ಹೇಳಿದ ವಿಷಯಕ್ಕೂ ಒಂದು ಮಾತು. ನೋಲ್ಸ್ ಎಂಬ ಅಮೆರಿಕದ ಶಾಲೆ 1965ರಿಂದ ಕಾಡು ಬೆಟ್ಟಗಳಲ್ಲಿ ನಾಯಕತ್ವ ಕಲಿಸುತ್ತಿದೆ. ಅವರು ನಾಲ್ಕು ಪಾತ್ರ ಹೇಳುತ್ತಾರೆ. ನೇಮಿಸಿದ ನಾಯಕ, ಜೊತೆಗಾರರ ನಡುವಿನ ನಾಯಕತ್ವ, ತನ್ನನ್ನು ತಾನು ನಡೆಸಿಕೊಳ್ಳುವುದು, ಮತ್ತು ಚುರುಕಾಗಿ ಹಿಂಬಾಲಿಸುವುದು. ಕೊನೆಯದು ನಮ್ಮ ಶಾಲೆಗಳಲ್ಲಿ ಯಾರೂ ಕಲಿಸುವುದಿಲ್ಲ. ಗಡಾಯಿಕಲ್ಲಿನಲ್ಲಿ ನಕ್ಷೆ ಕೇಳಿ ನೋಡಿದ ಮಕ್ಕಳೆಲ್ಲ ಅದನ್ನೇ ಮಾಡಿದ್ದು.

ಕಾರ್ಕಳ ಗೊಮ್ಮಟ

ಕಾರ್ಕಳಕ್ಕೂ ಬನ್ನಿ. 1432ರಲ್ಲಿ ನಿಲ್ಲಿಸಿದ ಬಾಹುಬಲಿ, 42 ಅಡಿ. ಉತ್ತರ ಎಲ್ಲರಿಗೂ ಗೊತ್ತಿರುವ ಕಡೆ ಅಳೆಯುವುದೇ ಒಳ್ಳೆಯ ಪರೀಕ್ಷೆ. ಪಾದಕ್ಕೊಂದು ಕೋನ, ತಲೆಗೊಂದು ಕೋನ ಹಿಡಿದರೆ ಪೀಠದ ತಲೆಬಿಸಿ ಇಲ್ಲ. ಚಪ್ಪಲಿ ಕೆಳಗೇ ಬಿಡಬೇಕು. ಬಂಡೆ ಬೇಗ ಕಾಯುತ್ತದೆ, ಬೆಳಿಗ್ಗೆಯೇ ಬನ್ನಿ. ಪೂಜೆಯ ಹೊತ್ತಿನಲ್ಲಿ ಗಲಾಟೆ ಬೇಡ ಎಂದು ಮಕ್ಕಳಿಗೆ ಮೊದಲೇ ಹೇಳಿ.

ಸುರತ್ಕಲ್ ಹಗ್ಗ

ನಾನು ಎಂಜಿನಿಯರಿಂಗ್ ಓದಿ ಈಗ ಶನಿವಾರ ಭಾನುವಾರ ಬಂಡೆ ಹತ್ತುವವಳು. ಹಗ್ಗದ ಗಣಿತ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಇದಕ್ಕೆ ಬಂಡೆ ಬೇಡ, ಶಾಲೆಯ ಜಗಲಿ ಸಾಕು. ಒಂದು ಬ್ಯಾಗಿಗೆ ಅಕ್ಕಿ ತುಂಬಿ ಒಟ್ಟು 5 ಕಿಲೋ ಮಾಡಿ. ಅದನ್ನು ಹಗ್ಗದ ನಡುವಿಗೆ ಕಟ್ಟಿ. ಹಗ್ಗದ ಎರಡೂ ತುದಿಗೆ ಮೀನು ತೂಗುವ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಇಬ್ಬರು ಹಿಡಿಯಲಿ. ಇಬ್ಬರೂ ಹತ್ತಿರ ನಿಂತು ಎತ್ತಿದರೆ ಒಬ್ಬೊಬ್ಬರಿಗೆ ಎರಡೂವರೆ ಕಿಲೋ. ಈಗ ನಿಧಾನವಾಗಿ ದೂರ ಸರಿಯಲಿ. ಹಗ್ಗದ ನಡುವಿನ ಕೋನ 90 ಡಿಗ್ರಿ ಆದಾಗ ತಕ್ಕಡಿ ಮೂರೂವರೆ ತೋರಿಸುತ್ತದೆ. 120 ಡಿಗ್ರಿಗೆ 5. ಅಂದರೆ ಇಬ್ಬರು ಹಿಡಿದಿದ್ದರೂ ಒಬ್ಬೊಬ್ಬರ ಮೇಲೂ ಪೂರ್ತಿ ಭಾರ! 150 ಡಿಗ್ರಿಗೆ ಹತ್ತಿರ ಹತ್ತಿರ 10.

ಆಮೇಲೆ ಮಕ್ಕಳಿಗೆ ಹೇಳಿ, ಹಗ್ಗವನ್ನು ಪೂರ್ತಿ ನೇರ ಮಾಡಿ ಎಂದು. ತಕ್ಕಡಿ ಬಿಚ್ಚಿಡಿ, ಇಲ್ಲದಿದ್ದರೆ ಸ್ಪ್ರಿಂಗ್ ಹೋಗುತ್ತದೆ. ಒಂದೊಂದು ಕಡೆ ಐದೈದು ಜನ ಸೇರಿ ಎಳೆದರೂ ಬ್ಯಾಗ್ ಇರುವಲ್ಲಿ ಹಗ್ಗ ಸ್ವಲ್ಪ ಜಗ್ಗಿಯೇ ಇರುತ್ತದೆ. ಕಾಲು ಜಾರುತ್ತದೆ, ಮುಖ ಕೆಂಪಾಗುತ್ತದೆ, ಹಗ್ಗ ಮಾತ್ರ ನೇರ ಆಗುವುದಿಲ್ಲ. ಯಾಕೆ ಎಂದು ಕೇಳಿ. ಭಾರವನ್ನು ಕೋನದ ಅರ್ಧದ ಕೊಸೈನಿನ ಎರಡು ಪಟ್ಟಿನಿಂದ ಭಾಗಿಸಬೇಕು. 180 ಡಿಗ್ರಿಗೆ ಆ ಕೊಸೈನ್ ಸೊನ್ನೆ. ಸೊನ್ನೆಯಿಂದ ಭಾಗಿಸಬಾರದು ಎಂಬುದನ್ನು ಮಕ್ಕಳು ಅಂಗೈ ಉರಿಯ ಜೊತೆ ಕಲಿಯುತ್ತಾರೆ.

ಬಂಡೆ ಹತ್ತುವವರು ಎರಡು ಆಧಾರಕ್ಕೆ ಹಗ್ಗ ಕಟ್ಟುವಾಗ ನಡುವಿನ ಕೋನ 60ರ ಒಳಗೆ ಇಡಲು ನೋಡುವುದು ಇದೇ ಕಾರಣಕ್ಕೆ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮಕ್ಕಳು ತಾವೇ ಲೆಕ್ಕ ಹಾಕಿ ಕಟ್ಟಿದ ಹಗ್ಗದ ಮೇಲೆ ಮಕ್ಕಳನ್ನು ಇಳಿಸಬೇಡಿ. ಅಕ್ಕಿಯ ಬ್ಯಾಗ್ ಇಳಿಸಲಿ. ಮನುಷ್ಯರು ಇಳಿಯುವ ಹಗ್ಗವನ್ನು ತರಬೇತಿ ಪಡೆದವರೇ ಕಟ್ಟಬೇಕು. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಕಡೆ ಕಲಿತವರನ್ನು ಕರೆಸಿ.

ಮಲ್ಪೆ ಬೋಟ್ ಮನೆ

ನಮ್ಮ ಅಪ್ಪ ಮೀನುಗಾರಿಕೆಯವರು. ಕೈಯಲ್ಲೇ ಹೊತ್ತು ಅಳೆಯುವುದನ್ನು ಮಕ್ಕಳಿಗೆ ಕಲಿಸಿ ಎಂದು ಹೇಳಲು ಬಂದೆ. ಕೈ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಕೆಲವು ಪುಸ್ತಕಗಳಲ್ಲಿ ಸೂರ್ಯನಿಗೂ ದಿಗಂತಕ್ಕೂ ನಡುವೆ ನಾಲ್ಕು ಬೆರಳು ಹಿಡಿಸಿದರೆ ಮುಳುಗಲು ಇನ್ನು ಒಂದು ಗಂಟೆ ಎಂದು ಬರೆದಿರುತ್ತಾರೆ. ಅದು ದೂರದ ಉತ್ತರದ ದೇಶಗಳಿಗೆ ಹೊಂದುತ್ತದೆ. ಅಲ್ಲಿ ಸೂರ್ಯ ಓರೆಯಾಗಿ ಇಳಿಯುತ್ತಾನೆ. ನಾವು 13 ಡಿಗ್ರಿ ಅಕ್ಷಾಂಶದ ಹತ್ತಿರ ಇರುವವರು, ಇಲ್ಲಿ ಹೆಚ್ಚೂಕಡಿಮೆ ನೇರ ಇಳಿಯುತ್ತಾನೆ, ಗಂಟೆಗೆ 13ರಿಂದ 15 ಡಿಗ್ರಿ. ಹಾಗಾಗಿ ಒಂದು ಮುಷ್ಟಿ ಎಂದರೆ ಮುಕ್ಕಾಲು ಗಂಟೆ ಅಂತಲೇ ಹಿಡಿಯಿರಿ, ಅದಕ್ಕಿಂತ ಹೆಚ್ಚಿಲ್ಲ. ಚಾರಣದಲ್ಲಿ ಆ ಕಾಲು ಗಂಟೆಗೆ ಬೆಲೆ ಉಂಟು. ಮಲ್ಪೆ ಕಡಲತೀರದಲ್ಲಿ ಯಾವ ಅಡ್ಡವೂ ಇಲ್ಲದ ದಿಗಂತ ಸಿಗುತ್ತದೆ, ಒಂದು ಸಂಜೆ ಗಡಿಯಾರ ಹಿಡಿದು ನೋಡಿ.

ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರೆ ಸುಮ್ನೆ ಫೋಟೋ ತೆಗೆದು ಬರಬೇಡಿ. ಲಾವಾ ಆರುವಾಗ ಬಿರಿದ ಕಂಬಗಳು ಅವು. 1979ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದ್ದಾರೆ. ಎಲ್ಲವೂ ಆರು ಮೂಲೆಯವಲ್ಲ, ಐದು, ಏಳು ಮೂಲೆಯವೂ ಇವೆ. ಎಣಿಸಿ ಸ್ತಂಭಾಲೇಖ ಬರೆಸಿ. ತುದಿಯಲ್ಲಿ ಜಾರುತ್ತದೆ, ಒಳಗಿನ ಕಡೆಯ ಕಂಬಗಳೇ ಸಾಕು.

ಕುಂದಾಪುರ ನಿವೃತ್ತ ಹೆಡ್‌ಮಾಸ್ಟರ್

ಗಡಾಯಿಕಲ್ಲಿನ ವಿಷಯ ಓದಿ ನನಗೆ ಸಮಾಧಾನವಾಯಿತು. ಲೀಡರ್ ಲೆಕ್ಕ ಮಾಡಬಾರದು ಎಂಬ ನಿಯಮ ಒಳ್ಳೆಯದು. ಒಂದು ಸೇರಿಸುತ್ತೇನೆ. ವಾಪಸ್ ಬಂದ ಮರುದಿನ ಅರ್ಧ ಗಂಟೆ ಕೂತು ಮಾತಾಡಿಸಿ. ಆ ಇಬ್ಬರು ಹುಡುಗರಿಗೆ ಮಾತಾಡುವ ಅವಕಾಶ ಸಿಗಬೇಕು, ಅವಳು ಕೇಳಬೇಕು. ಬೆಟ್ಟದ ಮೇಲಿನ ಕೆಲಸಕ್ಕಿಂತ ಇದು ಕಷ್ಟ, ಆದರೆ ಇದನ್ನು ಬಿಟ್ಟರೆ ಉಳಿಯುವುದು ಸಿಟ್ಟು ಮಾತ್ರ.

ಬಂಟ್ವಾಳ ಅಮ್ಮ

ಎಲ್ಲರೂ ಇಷ್ಟು ತಾಳ್ಮೆಯಿಂದ ಬರೆದಿದ್ದೀರಿ, ತುಂಬಾ ಉಪಕಾರವಾಯಿತು. ಹಗ್ಗದ ಆಟ ನಿನ್ನೆ ರಾತ್ರಿ ಮಗಳ ಜೊತೆ ಮನೆಯಲ್ಲೇ ಮಾಡಿದೆವು. ತಕ್ಕಡಿ ಇರಲಿಲ್ಲ, ಕೈಯಲ್ಲೇ ಗೊತ್ತಾಯಿತು. ಅವಳ ಅಜ್ಜನೂ ಬಂದು ಒಂದು ತುದಿ ಹಿಡಿದರು.

ಇನ್ನೆರಡು ಕೇಳುತ್ತೇನೆ. ಹೆಣ್ಣುಮಕ್ಕಳಿಗೆ ಶೌಚಾಲಯ ಇರುವ ಕಡೆಯೇ ಜಾಗ ಆರಿಸುತ್ತೀರಾ? ಇಲ್ಲದಿದ್ದರೆ ಅವರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಲೀಡರ್ ಎಷ್ಟು ನೀರಿನ ಲೆಕ್ಕ ಹಾಕಿದರೂ ಪ್ರಯೋಜನ ಇಲ್ಲ. ಮತ್ತೆ ಬಸ್ಸಿಗೆ ದುಡ್ಡು ಕೊಡಲಾಗದವರು ಏನು ಮಾಡಬೇಕು?

ಮೂಡುಬಿದಿರೆ ಗೈಡ್ ಕ್ಯಾಪ್ಟನ್

ಅಕ್ಕ, ಮೊದಲನೆಯದು ಬಹಳ ಸರಿ. ನಾವು ಜಾಗ ನೋಡಲು ಹೋಗುವಾಗ ಅದನ್ನೇ ಮೊದಲು ನೋಡುತ್ತೇವೆ. ಜೊತೆಗೆ ಒಬ್ಬರಾದರೂ ಟೀಚರ್ ಅಥವಾ ತಾಯಿ ಇರಲೇಬೇಕು, ಪ್ಯಾಡ್ ಇರುವ ಚೀಲ ಅವರ ಹತ್ತಿರ.

ಎರಡನೆಯದಕ್ಕೆ, ಮುಕ್ಕಾಲು ಪಾಲು ಕೆಲಸ ಶಾಲೆಯ ಮೈದಾನ ಮತ್ತು ಪಕ್ಕದ ಗದ್ದೆ ಗುಡ್ಡದಲ್ಲೇ ಮಾಡಬಹುದು. ದಿಕ್ಸೂಚಿ ಹಿಡಿದು 60 ಡಿಗ್ರಿಗೆ 80 ಹೆಜ್ಜೆ, ಅಲ್ಲಿಂದ 180 ಡಿಗ್ರಿಗೆ 80, ಅಲ್ಲಿಂದ 300 ಡಿಗ್ರಿಗೆ 80. ಹೊರಟ ಜಾಗಕ್ಕೇ ಬರಬೇಕು, ಸಮಬಾಹು ತ್ರಿಭುಜ. ಎಷ್ಟು ದೂರ ತಪ್ಪಿ ಬಂದರು ಎಂದು ಅಳೆದರೆ ಅದೇ ಮಾರ್ಕು. ಒಂದು ಡಿಗ್ರಿ ತಪ್ಪಿದರೆ ಒಂದು ಕಿಲೋಮೀಟರಿಗೆ ಸುಮಾರು 17 ಮೀಟರ್ ಅಡ್ಡ ಹೋಗುತ್ತೇವೆ, ಅದನ್ನೂ ಅವರೇ ಲೆಕ್ಕ ಹಾಕಲಿ. ಗುಡುಗಿನ ಲೆಕ್ಕವೂ ಜಗಲಿಯಲ್ಲೇ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ ಮೂರರಿಂದ ಭಾಗಿಸಿದರೆ ಕಿಲೋಮೀಟರ್. 30 ಸೆಕೆಂಡಿಗಿಂತ ಕಡಿಮೆ ಬಂದರೆ ಮೈದಾನ ಖಾಲಿ ಮಾಡಿ ಒಳಗೆ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು. ಏಪ್ರಿಲ್ ಮೇ ತಿಂಗಳಲ್ಲಿ ಇದು ಪ್ರತಿ ಮಗುವಿಗೂ ಗೊತ್ತಿರಬೇಕು.

ಬಸ್ಸಿನ ಖರ್ಚನ್ನೂ ಮಕ್ಕಳ ಕೈಗೇ ಕೊಡಿ. ಬಾಡಿಗೆ, ಅವಲಕ್ಕಿ, ಬೆಲ್ಲ, ಪುನರ್ಪುಳಿ ಶರಬತ್ತು, ಎಲ್ಲ ಸೇರಿಸಿ ತಲೆಗೆ ಎಷ್ಟು, ಕೊಡಲಾಗದವರ ಪಾಲು ಹೇಗೆ ಹೊಂದಿಸುವುದು ಎಂದು. ಆದರೆ ಯಾರು ಕೊಡಲಿಲ್ಲ ಎಂಬ ಹೆಸರು ಮಕ್ಕಳಿಗೆ ಹೋಗಬಾರದು. ಅದು ಟೀಚರ್ ಹತ್ತಿರವೇ ಇರಲಿ.

ಕಾಪು ಮೇಷ್ಟ್ರು

ನನಗೆ ಬೇಕಾದ್ದಕ್ಕಿಂತ ಜಾಸ್ತಿ ಸಿಕ್ಕಿತು. ಹೀಗೆ ಮಾಡುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಹೆಜ್ಜೆ ಅಳತೆ, ಹಗ್ಗ, ಗುಡುಗು ಎಲ್ಲ ಶಾಲೆಯಲ್ಲೇ. ದಸರಾ ರಜೆ ಮುಗಿದು ಆಕಾಶ ತಿಳಿಯಾದ ಮೇಲೆ ಮೈದಾನದ ದಿಕ್ಸೂಚಿ ತ್ರಿಭುಜ ಮತ್ತು ಕಾರ್ಕಳ. ಡಿಸೆಂಬರ್‌ನಲ್ಲಿ ತಣ್ಣೀರುಬಾವಿ. ನೀರಿನ ಮೇಲಿನ ಕೆಲಸ ಜನವರಿಯಲ್ಲಿ ಮಾತ್ರ, ಅದೂ ಹೆತ್ತವರ ಸಭೆಯಲ್ಲಿ ಜಾಕೆಟ್ ತೋರಿಸಿ ಒಪ್ಪಿಗೆ ಪಡೆದ ಮೇಲೆ. ಪ್ರತಿ ಸಲವೂ ಲೀಡರ್ ಬೇರೆ, ಮರುದಿನ ಅರ್ಧ ಗಂಟೆ ಮಾತು.

ಸಾಲಿಗ್ರಾಮದ ಅಣ್ಣ, ಜನವರಿಯ ಶನಿವಾರಗಳಲ್ಲಿ ಉಬ್ಬರ ಬೆಳಿಗ್ಗೆ ಬರುವುದು ಯಾವಾಗ ಎಂದು ನೀವು ಹೇಳಬೇಡಿ. ಮೊದಲ ಶನಿವಾರದ ಹೊತ್ತು ಮಾತ್ರ ಕೊಡಿ. ಉಳಿದದ್ದನ್ನು ಮಕ್ಕಳು ಲೆಕ್ಕ ಹಾಕಿ ನಿಮಗೆ ಬರೆದು ಕಳಿಸುತ್ತಾರೆ.

ಸಾಲಿಗ್ರಾಮ ಹುಟ್ಟು

ಆಯಿತು ಮೇಷ್ಟ್ರೇ. ಪಟ್ಟಿ ಬಂದ ಕೂಡಲೇ ಆ ಒಂದು ಹೊತ್ತು ಕಳಿಸುತ್ತೇನೆ. ಒಂದು ಪೆಟ್ರೋಲಿಗೆ ಎಂಟು ಮಕ್ಕಳು ಅಂದರೆ ಇಬ್ಬರು ಕೂರುವ ಕಯಾಕ್ ನಾಲ್ಕು, ನಮ್ಮವರು ಇಬ್ಬರು ಜೊತೆಗೆ. ಒಂದು ಸಲಕ್ಕೆ ಒಂದೇ ಪೆಟ್ರೋಲ್ ನೀರಿಗೆ, ಉಳಿದವರು ದಡದಲ್ಲಿ ಹೊತ್ತು ಬರೆಯಲಿ. ಜಾಕೆಟ್ ಅಳತೆಗೆ ಮಕ್ಕಳ ತೂಕ ಬೇಕು, ಅದನ್ನು ಮೊದಲೇ ಕಳಿಸಿ.